ರಾಯಚೂರಿನ ಬೋರ್ ನೀರಲ್ಲಿ ಉದ್ದ ಕೂದಲು

ರಾಯಚೂರಿನಲ್ಲಿ ಗಂಡಸು ಕೂದಲು ಬಿಟ್ಟರೆ ಜನ ಮೊದಲು ಕೇಳುವುದು "ಯಾವ ದೇವರಿಗೆ ಬಿಟ್ಟೀಯಪಾ?" ಅಂತ. ತಿರುಪತಿಗೆ ಮುಡಿ ಕೊಡೋದಿದೆಯಾ, ಅಯ್ಯಪ್ಪ ಮಾಲೆ ಹಾಕಿದ್ದೀಯಾ, ಅದೂ ಅಲ್ಲ ಅಂದರೆ ಹೆಂಡತಿ ಬಸುರಿಯಾ. ಹೆಂಡತಿ ಬಸುರಿ ಇದ್ದಾಗ ಗಂಡ ಕ್ಷೌರ ಮಾಡಿಸಬಾರದು ಅನ್ನೋ ಪದ್ಧತಿ ನಮ್ಮ ಕಡೆ ಇನ್ನೂ ಹಲವು ಮನೆಗಳಲ್ಲಿದೆ. ಮೂರಕ್ಕೂ ಇಲ್ಲ ಅಂದರೆ ಕೇಳಿದವರಿಗೆ ಮುಂದೆ ಏನು ಕೇಳಬೇಕು ಗೊತ್ತಾಗಲ್ಲ. ನನಗೆ ಇಷ್ಟ, ಅದಕ್ಕೇ ಬಿಟ್ಟಿದ್ದೇನೆ ಅನ್ನೋ ಉತ್ತರ ಅವರಿಗೆ ಸಾಲಲ್ಲ. ದೇವರ ಹೆಸರಲ್ಲಿ ಸೊಂಟದ ತನಕ ಬಿಟ್ಟರೂ ಕೈ ಮುಗಿಯುತ್ತಾರೆ, ನಮ್ಮ ಖುಷಿಗೆ ಬಿಟ್ಟರೆ ಕಿವಿ ಮುಚ್ಚೋ ಹೊತ್ತಿಗೇ ಮನೆಗೆ ಬಂದ ನೆಂಟರೆಲ್ಲ ಬುದ್ಧಿ ಹೇಳೋಕೆ ಶುರು ಮಾಡುತ್ತಾರೆ.

ಹರಕೆಗೆ ಬಿಡೋದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ಬೆಳೆಸೋಕೆ ಕಾರಣ ಬೇಕಿಲ್ಲ. ಆರೈಕೆ ಮಾತ್ರ ಬೇಕೇ ಬೇಕು. ನಮ್ಮ ಓಣಿಯ ಹುಡುಗರು ಈಗ ಕೂದಲು ಬಿಡ್ತಿದ್ದಾರೆ, ಸಿಕ್ಕಾಗಲೆಲ್ಲ "ಅಣ್ಣಾ, ಯಾವ ಎಣ್ಣಿ ಹಚ್ತೀರಿ?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳೋದು ಒಂದೇ, ತಲೆಗೆ ಯಾವ ನೀರು ಹಾಕ್ತೀರಿ?

ನಮ್ಮ ಜಿಲ್ಲೆಯ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಎರಡು ಹೊಳೆಗಳ ನಡುವೆ ಇದ್ದೂ ನಾವು ಜಾಸ್ತಿ ಮಂದಿ ಸ್ನಾನ ಮಾಡೋದು ಬೋರ್ ನೀರಲ್ಲಿ. ಅದು ಗಡಸು ನೀರು, ಹಳ್ಳಿ ಕಡೆ ಸವುಳು ನೀರು ಅಂತಾರೆ. ಬಕೆಟ್ಟಿನ ಒಳಗೆ ಬಿಳಿ ಪಟ್ಟಿ ಕಟ್ಟಿದ್ದರೆ, ನಲ್ಲಿಯ ಬಾಯಲ್ಲಿ ಸುಣ್ಣ ಕೂತಿದ್ದರೆ, ಸೋಪು ಎಷ್ಟು ಉಜ್ಜಿದರೂ ನೊರೆ ಬರದೇ ಇದ್ದರೆ ನಿಮ್ಮನೆ ನೀರು ಅದೇ. ಫ್ಲೋರೈಡ್ ಬಗ್ಗೆ ನಮ್ಮಲ್ಲಿ ಎಲ್ಲರೂ ಮಾತಾಡುತ್ತಾರೆ, ಮಾತಾಡಲೇಬೇಕು ಕೂಡ, ಹಲ್ಲು ಮತ್ತು ಮೂಳೆಗೆ ಅದು ಕೇಡು. ಕೂದಲಿನ ವಿಷಯಕ್ಕೆ ಬಂದರೆ ಕಾಟ ಕೊಡೋದು ನೀರನ್ನ ಗಡಸು ಮಾಡೋ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ.

ಬಹಳಷ್ಟು ಗಂಡಸರು ಮೈಗೆ ಹಚ್ಚೋ ಸೋಪನ್ನೇ ತಲೆಗೂ ಉಜ್ಜುತ್ತಾರೆ. ಕೂದಲು ಅರ್ಧ ಇಂಚು ಇದ್ದಾಗ ಅದು ನಡೆದುಹೋಗುತ್ತೆ, ಯಾಕೆಂದರೆ ಆ ಕೂದಲು ಹಾಳಾಗೋ ಮೊದಲೇ ಕತ್ತರಿಗೆ ಹೋಗಿರುತ್ತೆ. ಉದ್ದ ಬಿಟ್ಟ ಮೇಲೆ ಹಾಗಲ್ಲ. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತೆ, ವರ್ಷಕ್ಕೆ 15 ಸೆಂಟಿಮೀಟರ್ ಹತ್ತಿರ. ಅಂದರೆ ಭುಜದ ಮೇಲೆ ಬಿದ್ದಿರೋ ತುದಿಗೆ ಎರಡು ವರ್ಷ ವಯಸ್ಸು, ಎರಡು ಬೇಸಿಗೆಯ ಬಿಸಿಲು, ಎರಡು ವರ್ಷದ ಸ್ನಾನ ಎಲ್ಲಾ ಅದರ ಮೇಲೇ ಆಗಿದೆ. ಸೋಪು ಗಡಸು ನೀರಿನ ಜೊತೆ ಸೇರಿದರೆ ನೀರಲ್ಲಿ ಕರಗದ ಒಂದು ಬಿಳಿ ಪೊರೆ ಆಗುತ್ತೆ. ಬಕೆಟ್ಟಿಗೆ ಅಂಟಿಕೊಳ್ಳೋ ಅದೇ ಪೊರೆ ಕೂದಲಿಗೂ ಅಂಟುತ್ತೆ. ಜೊತೆಗೆ ಸೋಪು ಕ್ಷಾರ. ಕೂದಲ ಮೇಲಿನ ಪದರ ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಕೂತಿರುತ್ತೆ, ಕ್ಷಾರ ತಾಗಿದರೆ ಅದು ಎದ್ದು ನಿಲ್ಲುತ್ತೆ, ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತೆ, ಆಮೇಲೆ ಹಣಿಗೆ ಹಾಕಿದರೆ ಚಟ್ ಅಂತ ಮುರಿಯುತ್ತೆ. ಕೂದಲು ಬೆಳೀತಾನೇ ಇಲ್ಲ ಅನ್ನೋ ಹುಡುಗರ ತಲೆಯಲ್ಲಿ ಹಲವು ಸಲ ಆಗ್ತಿರೋದು ಇದೇ. ಬುಡದಲ್ಲಿ ಬೆಳೀತಾ ಇರುತ್ತೆ, ತುದಿಯಲ್ಲಿ ಮುರೀತಾ ಇರುತ್ತೆ.

ಹಾಗಾಗಿ ಮೊದಲ ಕೆಲಸ, ತಲೆಗೆ ಸೋಪು ಬಿಡಿ. ಶಾಂಪೂ ಬಳಸಿ, ಇಲ್ಲ ಸೀಗೇಕಾಯಿ ಬಳಸಿ. ಸೀಗೇಕಾಯಿ, ಅಂಟುವಾಳ ಎರಡರಲ್ಲೂ ನೊರೆ ಕೊಡೋ ಸಪೋನಿನ್ ಇದೆ, ಅದು ಸೋಪಿನ ಹಾಗೆ ಪೊರೆ ಕಟ್ಟಲ್ಲ. ಆದರೆ ಪುಡಿ ನುಣ್ಣಗಿರಬೇಕು, ಒರಟು ಪುಡಿ ಉದ್ದ ಕೂದಲಿನಿಂದ ಬಿಡಿಸಿಕೊಳ್ಳೋದು ದೊಡ್ಡ ಕೆಲಸ. ಬೀಜ ತೆಗೆದ ಅಂಟುವಾಳ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಹಿಸುಕಿ ಸೋಸಿದ ನೀರು ಇನ್ನೂ ಸುಲಭ. ಕಣ್ಣಿಗೆ ಹೋದರೆ ಮಾತ್ರ ಬಹಳ ಉರಿ. ಶಾಂಪೂ ಹಾಕೋರು ಬಾಟಲಿಯ ಹಿಂದೆ ಇಡಿಟಿಎ ಅಂತ ಇದೆಯಾ ನೋಡಿ, ಅದು ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳೋ ವಸ್ತು. ಶಾಂಪೂ ಬುಡಕ್ಕೆ, ಕಂಡಿಷನರ್ ತುದಿಗೆ. ಕಂಡಿಷನರ್ ಹೆಂಗಸರ ಸಾಮಾನು ಅಂತ ನಾಚಿಕೊಳ್ಳೋರು ಇದ್ದಾರೆ, ದಯವಿಟ್ಟು ಬಿಡಿ. ಗಡಸು ನೀರಿನ ಊರಲ್ಲಿ ಅದಿಲ್ಲದೆ ಉದ್ದ ಕೂದಲು ಬಿಡಿಸೋದು ಕಷ್ಟ.

ಕೊನೆಯ ನೀರೇ ಎಲ್ಲಕ್ಕಿಂತ ಮುಖ್ಯ. ಇಡೀ ಸ್ನಾನಕ್ಕೆ ಒಳ್ಳೆ ನೀರು ತರೋಕೆ ಆಗಲ್ಲ, ನಮ್ಮೂರಲ್ಲಿ ಬೇಸಿಗೆಗೆ ಕುಡಿಯೋಕೇ ಪರದಾಡುತ್ತೇವೆ. ಆದರೆ ಕುಡಿಯೋಕೆ ತರೋ ಫಿಲ್ಟರ್ ಕ್ಯಾನಿನಿಂದ ಒಂದು ತಂಬಿಗೆ ತೆಗೆದಿಡಬಹುದು, ಅಲ್ವಾ? ಬೋರ್ ನೀರಲ್ಲಿ ತೊಳೆದಾದ ಮೇಲೆ ಆ ಒಂದು ತಂಬಿಗೆಯನ್ನ ನಿಧಾನಕ್ಕೆ ಬುಡದಿಂದ ತುದಿ ತನಕ ಹರಿಸಿ. ಅದರಲ್ಲಿ ನಾಲ್ಕು ಹನಿ ನಿಂಬೆರಸ ಬೆರೆಸಿದರೆ ಎದ್ದಿದ್ದ ಪದರ ಮತ್ತೆ ಕೂರುತ್ತೆ. ನಾಲ್ಕೇ ಹನಿ, ಇಡೀ ಹಣ್ಣು ಹಿಂಡಬೇಡಿ, ನಿಂಬೆ ಹಚ್ಚಿಕೊಂಡು ನಮ್ಮ ಬಿಸಿಲಿಗೆ ಹೋದರೆ ಚರ್ಮ ಸುಡುತ್ತೆ. ನಲ್ಲಿಗೆ ಹೊಳೆ ನೀರು ಬರೋ ದಿನ ಒಂದು ಕೊಡ ತಲೆಸ್ನಾನಕ್ಕೆ ಅಂತ ತೆಗೆದಿಡಿ. ಮಳೆ ಬಂದಾಗ ಮಾಳಿಗೆ ನೀರು ಹಿಡಿಯಿರಿ, ಮೊದಲ ಮಳೆಯದ್ದು ಬಿಟ್ಟು. ಮಳೆ ನೀರಷ್ಟು ಮೆದು ನೀರು ಯಾವ ಕ್ಯಾನಿನಲ್ಲೂ ಸಿಗಲ್ಲ. ಬೋರ್ ನೀರು ಕುದಿಸಿದರೂ ಗಡಸು ಸ್ವಲ್ಪ ಕಡಿಮೆ ಆಗುತ್ತೆ, ಪೂರ್ತಿ ಹೋಗಲ್ಲ.

ಎಣ್ಣೆಯ ಬಗ್ಗೆ ಕೇಳಿದವರಿಗೆ ನನ್ನ ಉತ್ತರ ಚಿಕ್ಕದು: ಕೊಬ್ಬರಿ ಎಣ್ಣೆ. ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಈ ಮೂರು ಎಣ್ಣೆಗಳನ್ನು ಹೋಲಿಸಿ 2003ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ತೊಳೆದುಹೋಗೋದನ್ನ ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಎಳೆಯ ಒಳಗೆ ಇಳಿಯುತ್ತೆ. ಹಚ್ಚಬೇಕಾದ್ದು ಸ್ನಾನಕ್ಕೆ ಮುಂಚೆ, ಹಿಂದಿನ ರಾತ್ರಿ ಆದರೂ ಸರಿ. ಎಣ್ಣೆ ಹಚ್ಚಿ ಬೈಕ್ ಹತ್ತಿದರೆ ಲಿಂಗಸುಗೂರು ರಸ್ತೆಯ ಧೂಳೆಲ್ಲ ತಲೆಯಲ್ಲೇ ಉಳಿಯುತ್ತೆ. ತಲೆಹೊಟ್ಟು ಇದ್ದವರು ಎಣ್ಣೆಯಿಂದ ಗುಣ ಆಗುತ್ತೆ ಅಂತ ಕಾಯಬೇಡಿ. ಅದು ಒಣಗಿದ ಚರ್ಮ ಅಲ್ಲ. ಮಲಸೀಜಿಯಾ ಅನ್ನೋ ಶಿಲೀಂಧ್ರದ ಕೈವಾಡ ಅದರಲ್ಲಿದೆ, ಅದು ಬದುಕೋದೇ ಜಿಡ್ಡಿನ ಮೇಲೆ. ಕೀಟೋಕೊನಜೋಲ್ ಇರೋ ಶಾಂಪೂ ಔಷಧಿ ಅಂಗಡಿಯಲ್ಲಿ ಸಿಗುತ್ತೆ, ಹಚ್ಚಿ ಐದು ನಿಮಿಷ ಬಿಟ್ಟು ತೊಳೆಯಬೇಕು.

ಈಗ ಸಿಕ್ಕು. ಈ ವಿಷಯದಲ್ಲಿ ನನಗೆ ಸಿಟ್ಟೂ ಇದೆ, ನೋವೂ ಇದೆ. ನಮ್ಮ ಕಡೆ ತೊಳೆಯದೆ, ಬಾಚದೆ ಬಿಟ್ಟ ಕೂದಲು ಗಂಟುಗಟ್ಟಿ ಜಡೆ ಆದರೆ ಎಲ್ಲಮ್ಮ ಕರೆದಳು, ಹುಲಿಗೆಮ್ಮ ಒಲಿದಳು ಅಂತ ನಂಬುತ್ತಿದ್ದರು. ಆ ಒಂದು ಗಂಟಿನ ಕಾರಣಕ್ಕೆ ಎಷ್ಟೋ ಬಡ ಮನೆಯ ಹೆಣ್ಣುಮಕ್ಕಳನ್ನು ದೇವಿಗೆ ಬಿಟ್ಟರು. ರಾಜ್ಯ ಸರ್ಕಾರ 1982ರಲ್ಲಿ ದೇವದಾಸಿ ಪದ್ಧತಿ ನಿಷೇಧಿಸೋ ಕಾನೂನು ತಂದಿತು. ಅದರ ಕಷ್ಟ ಉಂಡ ತಾಯಂದಿರು ನಮ್ಮ ಜಿಲ್ಲೆಯಲ್ಲಿ, ಕೊಪ್ಪಳದಲ್ಲಿ, ಬಳ್ಳಾರಿಯಲ್ಲಿ ಇನ್ನೂ ಇದ್ದಾರೆ. ಸಿಕ್ಕು ಅಂದರೆ ಸಿಕ್ಕು ಅಷ್ಟೇ. ಉದುರಿದ ಕೂದಲು ಇದ್ದ ಕೂದಲಿಗೆ ಸುತ್ತಿಕೊಳ್ಳುತ್ತೆ, ಬೆವರು, ಜಿಡ್ಡು, ಧೂಳು ಸೇರಿ ಗಟ್ಟಿ ಆಗುತ್ತೆ. ಎಣ್ಣೆ, ತಾಳ್ಮೆ ಇದ್ದರೆ ಬಿಡಿಸಬಹುದು, ಆಗದಿದ್ದರೆ ಕತ್ತರಿಸಬಹುದು, ಯಾವ ದೇವಿಯೂ ಮುನಿಯಲ್ಲ.

ಇದೇ ಮಾತಿನ ಜೊತೆ ಇನ್ನೊಂದು. ಕೂದಲು ಬಿಟ್ಟ ಗಂಡಸನ್ನ ಹೀಯಾಳಿಸೋಕೆ ಜೋಗಪ್ಪ ಅಂತ ಕರೆಯೋರು ನಮ್ಮಲ್ಲಿ ಇದ್ದಾರೆ. ನನ್ನನ್ನೂ ಕರೆದಿದ್ದಾರೆ. ನನಗೆ ಅದು ಬೈಗುಳ ಅಲ್ಲವೇ ಅಲ್ಲ. ಜೋಗಪ್ಪ ಅಂದರೆ ಗಂಡಾಗಿ ಹುಟ್ಟಿ, ಎಲ್ಲಮ್ಮನ ಸೇವೆಗೆ ನಿಂತು ಹೆಣ್ಣಿನ ಹಾಗೆ ಬಾಳೋರು. ಜೋಗಪ್ಪ, ಜೋಗತಿಯರು ಹಾಡು, ಚೌಡಿಕೆ ವಾದ್ಯ, ತಲೆ ಮೇಲೆ ಕೊಡ ಹೊತ್ತು ಕುಣಿಯೋ ಕುಣಿತ ಎಲ್ಲಾ ಉಳಿಸಿಕೊಂಡು ಬಂದ ಜನ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆಗಿದ್ದರು, 2021ರಲ್ಲಿ ಪದ್ಮಶ್ರೀ ಪಡೆದರು. ಹುಣ್ಣಿಮೆಗೆ ಹುಲಿಗೆಮ್ಮನ ಊರು ಹುಲಿಗಿಗೆ ಹೋಗಿ ಜೋಗಪ್ಪಂದಿರ ಕೈಯಿಂದ ಭಂಡಾರ ಹಚ್ಚಿಸಿಕೊಂಡು ಬಂದು, ಓಣಿಯಲ್ಲಿ ಅದೇ ಹೆಸರನ್ನ ಬೈಗುಳ ಮಾಡೋದು ಸರಿ ಅಲ್ಲ.

ಬಿಡಿಸೋದನ್ನ ನನಗೆ ಕಲಿಸಿದ್ದು ಅಮ್ಮ. ಗಂಡುಮಕ್ಕಳಿಗೆ ಇದನ್ನ ಯಾರೂ ಹೇಳಿಕೊಡಲ್ಲ, ಆದರೆ ಗೊತ್ತಿರೋರು ಮನೆಯಲ್ಲೇ ಇರುತ್ತಾರೆ, ಕೇಳಬೇಕು ಅಷ್ಟೇ. ತುದಿಯಿಂದ ಶುರು ಮಾಡಿ ಮೇಲಕ್ಕೆ ಬರಬೇಕು, ಬುಡದಿಂದ ಕೆಳಕ್ಕೆ ಎಳೆಯಬಾರದು. ಅಗಲ ಹಲ್ಲಿನ ಮರದ ಹಣಿಗೆ ಒಳ್ಳೆಯದು. ಸಿಕ್ಕಿರೋ ಜಾಗದ ಮೇಲೆ ಕೂದಲನ್ನ ಮುಷ್ಟಿಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ಎಳೆತ ಆಗಲ್ಲ. ಒದ್ದೆ ಕೂದಲು ರಬ್ಬರಿನ ಹಾಗೆ ಹಿಗ್ಗಿ ಹರಿಯುತ್ತೆ, ಹಾಗಾಗಿ ಕಂಡಿಷನರ್ ಇದ್ದಾಗ ಬೆರಳಲ್ಲಿ ಬಿಡಿಸಿ, ಉಳಿದದ್ದು ಅರ್ಧ ಆರಿದ ಮೇಲೆ. ಟವೆಲ್ಲಿನಿಂದ ಗಸಗಸ ಉಜ್ಜಬೇಡಿ, ಹಳೇ ಹತ್ತಿ ವಲ್ಲಿ ಸುತ್ತಿ ಹಿಂಡಿ. ಬಾಚಿದಾಗ ಹಣಿಗೆಯಲ್ಲಿ ಕೂದಲು ಕಂಡರೆ ಹೆದರಬೇಡಿ, ದಿನಕ್ಕೆ 50ರಿಂದ 100 ಉದುರೋದು ಸಹಜ, ಉದ್ದ ಇದ್ದರೆ ಕಣ್ಣಿಗೆ ಜಾಸ್ತಿ ಕಾಣುತ್ತೆ. ಡೆಂಗಿ, ಟೈಫಾಯ್ಡ್ ಬಂದು ಹೋದ ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರಬಹುದು, ಸಾಮಾನ್ಯವಾಗಿ ಮತ್ತೆ ಬರುತ್ತೆ.

ಬೇಸಿಗೆಗೆ ನಮ್ಮಲ್ಲಿ 42 ಡಿಗ್ರಿ ದಾಟುತ್ತೆ. ಮಧ್ಯಾಹ್ನ ಹೊರಗೆ ಹೋಗಲೇಬೇಕಾದರೆ ತುರುಬು ಕಟ್ಟಿ ಮೇಲೆ ವಲ್ಲಿ ಸುತ್ತಿ. ಹೊಲಕ್ಕೆ ಹೋಗೋ ಹಿರಿಯರು ರುಮಾಲು ಸುತ್ತೋದು ಸುಮ್ನೆ ಅಲ್ಲ. ತುರುಬು ಬಿಗಿ ಇರಬಾರದು, ದಿನಾ ಒಂದೇ ಜಾಗದಲ್ಲೂ ಇರಬಾರದು. ಹಣೆಯ ಅಂಚಲ್ಲಿ ಎಳೆತ ಬಿದ್ದು ಬಿದ್ದು ಬುಡವೇ ಸಾಯುತ್ತೆ, ಬಹಳ ದಿನ ಹಾಗೇ ಬಿಟ್ಟರೆ ಅಲ್ಲಿ ಮತ್ತೆ ಕೂದಲು ಬರೋದು ಕಷ್ಟ. ಬರೀ ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ್ದು ತಗೊಳ್ಳಿ. ಹೆಲ್ಮೆಟ್ ಹಾಕುವಾಗ ಕುತ್ತಿಗೆ ಹತ್ತಿರ ಕೆಳಗೆ ಸಡಿಲ ಜುಟ್ಟು ಸಾಕು, ಒಳಗೆ ತೆಳ್ಳನೆ ಹತ್ತಿ ಬಟ್ಟೆ ಇರಲಿ. ಒದ್ದೆ ತಲೆಗೆ ಹೆಲ್ಮೆಟ್ ಮಾತ್ರ ಹಾಕಬೇಡಿ.

ಒಂದು ಕೆಲಸದ ಸಂದರ್ಶನದಲ್ಲಿ ಕೂದಲು ಕತ್ತರಿಸಿದರೆ ನೋಡೋಣ ಅಂದರು, ನಾನು ಎದ್ದು ಬಂದೆ. ಎಲ್ಲರಿಗೂ ಹಾಗೆ ಏಳೋಕೆ ಆಗಲ್ಲ, ಮನೆ ನಡೆಯಬೇಕು, ಕತ್ತರಿಸಿದವರನ್ನ ನಾನು ಯಾವತ್ತೂ ತಪ್ಪು ತಿಳಿಯಲ್ಲ. ಅಚ್ಚುಕಟ್ಟಾಗಿ ಬಾಚಿ ಕಟ್ಟಿದ ಕೂದಲಿಂದ ಯಾವ ಲೆಕ್ಕ ತಪ್ಪುತ್ತೆ ಅನ್ನೋದು ಮಾತ್ರ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಅಪ್ಪನಿಗೆ ಬಕ್ಕತಲೆ ಇದೆ, ನಾನು ಬಿಡಬಹುದಾ ಅಂತ ಕೇಳೋರಿಗೆ: ಬಿಡಿ. ಉದ್ದದ ಭಾರಕ್ಕೆ ಬಕ್ಕ ಆಗಲ್ಲ, ಅದು ವಂಶದ್ದು ಮತ್ತು ಹಾರ್ಮೋನಿನದು. ನೆತ್ತಿ ತೆಳ್ಳಗಾಗೋದು ಕಂಡರೆ ಬೇಗ ಚರ್ಮದ ಡಾಕ್ಟರ ಹತ್ತಿರ ಹೋಗಿ, ಬೇಗ ಹೋದಷ್ಟೂ ಉಳಿಸಿಕೊಳ್ಳೋದು ಸುಲಭ. ಕಟಿಂಗ್ ಅಂಗಡಿಗೂ ಹೋಗ್ತಾ ಇರಿ, ಕತ್ತರಿಸಿದರೆ ಬೇಗ ಬೆಳೆಯುತ್ತೆ ಅನ್ನೋದು ಸುಳ್ಳು, ಸೀಳಿದ ತುದಿ ಮೇಲಕ್ಕೆ ಸೀಳ್ತಾ ಹೋಗೋದು ನಿಲ್ಲುತ್ತೆ ಅಷ್ಟೇ. ಅರ್ಧ ಇಂಚು ಅಂತ ಬಾಯಲ್ಲಿ ಹೇಳಿ ಸುಮ್ಮನೆ ಕೂರಬೇಡಿ. ಕತ್ತರಿ ಇಡೋ ಮೊದಲು ಎಷ್ಟು ಅಂತ ಬೆರಳಲ್ಲಿ ಹಿಡಿದು ತೋರಿಸಿ.