ಸಂಚಕಾರ ಕೊಡೋ ಮುಂಚೆ ಕಲ್ಲಿನ ಮನೆಯನ್ನು ಒಮ್ಮೆ ತಟ್ಟಿ ನೋಡಿ

“ಸರ್, ಮನೆ ಭಾಳ ಪಸಂದ ಆಗೇತಿ. ನಾಳೆ ಸಂಚಕಾರ ಕೊಡಾಕ ಹೊಂಟೀವಿ. ನೀವು ಸುಮ್ನೆ ಒಮ್ಮೆ ಬಂದು ನೋಡಿ, ಗಟ್ಟಿ ಐತಿ ಅಂತ ಹೇಳಿಬಿಡ್ರಿ.”

ಹೋದ ವರ್ಷ ಆಷಾಢದಲ್ಲಿ ಪುಣೆಯಿಂದ ಬಂದ ಫೋನ್ ಇದು. ಸಂಚಕಾರ ಅಂದರೆ ಖರೀದಿಗೆ ಕೊಡೋ ಮುಂಗಡ ಹಣ. ನಾನು ಬಾಗಲಕೋಟೆಯ ನವನಗರದಲ್ಲಿ ಸಿವಿಲ್ ಎಂಜಿನಿಯರ್. ಈ ಕೆಲಸಕ್ಕೆ ಬಂದು 19 ವರ್ಷ ಆಯಿತು. ಮೊದಲೆಲ್ಲ ಹೊಸ ಮನೆಗೆ ಪ್ಲಾನ್ ಹಾಕೋದೇ ಕೆಲಸ. ಈಗ ಹಳೇ ಕಲ್ಲಿನ ಮನೆ ನೋಡಿ ಹೇಳಿ ಅನ್ನೋರೇ ಜಾಸ್ತಿ. ಬೆಂಗಳೂರು, ಪುಣೆಯಲ್ಲಿ ದುಡಿಯುವ ನಮ್ಮ ಕಡೆಯ ಮಕ್ಕಳಿಗೆ ಊರ ಕಡೆ ಒಂದು ಮಾಳಿಗೆ ಮನೆ, ಅಂದರೆ ಮಣ್ಣು ಹೊದಿಸಿದ ಚಪ್ಪಟೆ ಚಾವಣಿಯ ಮನೆ, ಬೇಕು ಅನ್ನೋ ಆಸೆ ಬಂದಿದೆ. ನನಗೆ ಇದು ಬಹಳ ಖುಷಿಯ ಸಂಗತಿ. ಕಣ್ಣೆದುರೇ ಎಷ್ಟೋ ಒಳ್ಳೆಯ ಮನೆಗಳು ಬಿದ್ದು ಕಲ್ಲಿನ ಗುಡ್ಡೆ ಆಗಿದ್ದನ್ನು ನೋಡಿದ್ದೇನೆ.

ಆದರೆ ಎಲ್ಲರೂ ಮೊದಲು ದುಡ್ಡು ಕೊಡುತ್ತಾರೆ, ಆಮೇಲೆ ನನ್ನನ್ನು ಕರೆಯುತ್ತಾರೆ. ಸಂಚಕಾರ ಕೊಟ್ಟವರಿಗೆ ನಾನು ಏನು ಹೇಳಿದರೂ ಕಿವಿಗೆ ಹೋಗಲ್ಲ. ಮನಸ್ಸು ಆಗಲೇ ಆ ಮನೆಯಲ್ಲಿ ತೊಟ್ಟಿಲು ಕಟ್ಟಿರುತ್ತದೆ. ಈ ಗಂಡ ಹೆಂಡತಿ ಇನ್ನೂ ಕೊಟ್ಟಿರಲಿಲ್ಲ. “ನಾಳೆ ಬ್ಯಾಡ್ರಿ, ಎರಡು ದಿನ ತಡೀರಿ” ಅಂದೆ. ಮಳೆ ಬೇರೆ ಹಿಡಿದಿತ್ತು. ಹಳೇ ಮನೆ ನೋಡೋಕೆ ಮಳೆಗಿಂತ ಒಳ್ಳೆಯ ಹೊತ್ತು ಇಲ್ಲ.

ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಗೆ ಹತ್ತಿರದ ಹಳ್ಳಿ. ಮನೆ ನಿಜಕ್ಕೂ ಚೆಂದ ಇತ್ತು. ಕೆಂಪು ಮರಳುಗಲ್ಲಿನ ಗೋಡೆ, ಎರಡೂವರೆ ಅಡಿ ದಪ್ಪ. ಹೊರಗೆ ಕಟ್ಟೆ, ಒಳಗೆ ದೊಡ್ಡ ಪಡಸಾಲೆ, ಕೆತ್ತಿದ ಬೋದಿಗೆಯ ನಾಲ್ಕು ಕಂಬ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ನೆಲಕ್ಕೆ ಇಳಿಯುತ್ತಿತ್ತು. ಆ ಹೆಣ್ಣುಮಗಳು ಕಂಬವನ್ನು ಮುಟ್ಟಿ ನಿಂತಿದ್ದಳು. ಅವಳ ಮುಖ ನೋಡಿ ನನಗೂ ಮನೆ ಗಟ್ಟಿ ಇರಲಪ್ಪ ಅನ್ನಿಸಿತು.

ಒಳಗೆ ಹೋದ ಕೂಡಲೇ ಹೊಸ ಬಣ್ಣದ ವಾಸನೆ. ಹೊಸ ಬಣ್ಣ ಕಂಡರೆ ನಾನು ಮಾಡಗಳನ್ನು ನೋಡುತ್ತೇನೆ. ದೀಪ ಇಡೋಕೆ ಗೋಡೆಯಲ್ಲಿ ಸಣ್ಣ ಗೂಡು ಬಿಟ್ಟಿರುತ್ತಾರಲ್ಲ, ಅದರ ಒಳಮೂಲೆಗೆ ಬಣ್ಣದ ಬ್ರಷ್ ಹೋಗಲ್ಲ. ಅಡುಗೆಮನೆಯ ಮಾಡ ನೆಲದಿಂದ ಮೂರಡಿ ಎತ್ತರದಲ್ಲಿತ್ತು. ಬೆರಳು ಹಾಕಿ ಕೆರೆದೆ. ಉಗುರಲ್ಲಿ ಹಿಟ್ಟಿನಂಥ ನುಣುಪು ಮಣ್ಣು ಬಂತು. ಹೊಳೆಯ ರೇವೆ ಮಣ್ಣು. ಅಂದರೆ ಇಲ್ಲಿವರೆಗೂ ನೀರು ನಿಂತಿತ್ತು.

ಮನೆಯ ಹಿರಿಯರನ್ನು ಕೇಳಿದೆ. ಅವರು ಮುಚ್ಚಿಡಲಿಲ್ಲ. “ಹೌದ್ರಿ, 2019ರಾಗ ಬಂದಿತ್ತು. ಎರಡು ದಿನ ಒಳಗ ನಿಂತಿತ್ತು.” ಆ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ಹೊಳೆ ನುಗ್ಗಿತ್ತು, ಈ ಊರು ಯಾವ ಲೆಕ್ಕ. ಕೊಳ್ಳುವವರು ಕೇಳಿರಲಿಲ್ಲ, ಮಾರುವವರು ತಾವಾಗಿ ಹೇಳಿರಲಿಲ್ಲ, ಅಷ್ಟೇ. ಮಾರುವವರು ಮೋಸಗಾರರು ಅಂತ ನಾನು ಯಾವತ್ತೂ ಹೇಳಲ್ಲ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಇರುವವರಿಗೆ ಬಿರುಕು ಬಿರುಕಾಗಿ ಕಾಣಲ್ಲ.

ಎರಡು ದಿನ ನೀರು ನಿಂತರೆ ಕಲ್ಲಿಗೆ ಏನಾಗುತ್ತದೆ ಅಂತ ಪುಣೆಯವರು ಕೇಳಿದರು. ಕಲ್ಲಿಗೆ ಏನೂ ಆಗಲ್ಲ. ನಮ್ಮ ಕಡೆಯ ಹಳೇ ಗೋಡೆ ಹೊರಗಿಂದ ನೋಡಿದರೆ ಒಂದೇ ಗೋಡೆ. ನಿಜವಾಗಿ ಎರಡು. ಒಳಗೊಂದು ಕಲ್ಲಿನ ಸಾಲು, ಹೊರಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು ತುಂಬಿರುತ್ತಾರೆ. ನೀರು ಹೋದರೆ ಆ ಮಣ್ಣು ರಾಡಿ ಆಗುತ್ತದೆ. ರಾಡಿ ಕೆಳಗೆ ಇಳಿಯುತ್ತದೆ, ಕೆಳಗಿನ ಕಲ್ಲುಗಳನ್ನು ಹೊರಗೆ ದೂಡುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ. ಎರಡೂ ಸಾಲನ್ನು ಸೇರಿಸಿ ಹಿಡಿಯೋಕೆ ಗೋಡೆಯ ಪೂರ್ತಿ ದಪ್ಪಕ್ಕೆ ಅಡ್ಡ ಹೋಗುವ ಉದ್ದಗಲ್ಲು ಬೇಕು. ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಉದ್ದದಲ್ಲಿ ಪ್ರತಿ ನಾಲ್ಕು ಅಡಿಗೆ ಒಂದು ಅಂತ ನಮ್ಮ ಐಎಸ್ 13828 ಕೋಡ್, ಅಂದರೆ ಇಂಥ ಮನೆ ಭೂಕಂಪ ತಡೆಯೋ ಹಾಗೆ ಕಟ್ಟಲು ಇರುವ ಭಾರತೀಯ ಮಾನಕ, ಹೇಳುತ್ತದೆ. ಆ ಕೋಡ್ ಬಂದಿದ್ದು 1993ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಭೂಕಂಪ ಆಯಿತು. ಅಲ್ಲಿ ಸಾವಿರಾರು ಜನ ಸತ್ತಿದ್ದು ಇಂಥ ಗೋಡೆ, ಇಂಥ ಭಾರದ ಮಣ್ಣಿನ ಮಾಳಿಗೆಯ ಕೆಳಗೇ. ನಮ್ಮ ಹಳ್ಳಿಗಳ ಮನೆಯೂ ಅಂಥದ್ದೇ. ನನಗೆ ಅದು ಯಾವತ್ತೂ ಮರೆಯಲ್ಲ.

ದಾರಕ್ಕೆ ಗುಂಡು ಕಟ್ಟಿ ಮಾಳಿಗೆ ಅಂಚಿನಿಂದ ಇಳಿಬಿಟ್ಟೆ. ಹಿತ್ತಲ ಕಡೆಯ ಗೋಡೆ ಎದೆಮಟ್ಟದಲ್ಲಿ ಎರಡೂವರೆ ಇಂಚು ಮುಂದೆ ಬಂದಿತ್ತು. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ತುಂಬಿದ ಗೋಡೆ ಠಣ್ ಅನ್ನುತ್ತದೆ. ಹೊಟ್ಟೆ ಬಿಟ್ಟ ಜಾಗದಲ್ಲಿ ಬೊದ್ ಬೊದ್ ಅಂತ ಟೊಳ್ಳು ಸದ್ದು. ಆ ಗಂಡನ ಕೈಗೆ ಸುತ್ತಿಗೆ ಕೊಟ್ಟೆ. ಎರಡು ಸಲ ಅಲ್ಲಿ, ಎರಡು ಸಲ ಇಲ್ಲಿ ತಟ್ಟಿದ ಮೇಲೆ ಅವನೇ ನನ್ನ ಕಡೆ ತಿರುಗಿ ನೋಡಿದ. ನಾನು ಬೇರೆ ಏನೂ ಹೇಳಬೇಕಾಗಲಿಲ್ಲ.

ಆಮೇಲೆ ಏಣಿ ಹಾಕಿ ಮಾಳಿಗೆ ಹತ್ತಿದೆವು. ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಹಿಂದಿನವರು ಜಂತಿಯ ಮೇಲೆ ಸಣ್ಣ ಕಟ್ಟಿಗೆ ಹಾಸಿ, ಸೊಪ್ಪು ತಪ್ಪಲು ಹಾಕಿ, ಮೇಲೆ ಮಣ್ಣು ಹೊದಿಸುತ್ತಿದ್ದರು. ಬೇಸಿಗೆಯಲ್ಲಿ ಆ ಮನೆಯ ತಂಪು ಯಾವ ಎಸಿಗೂ ಬರಲ್ಲ. ಆದರೆ ಸೋರದಿರಲಿ ಅಂತ ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತಾರೆ. ಹಳೇ ಮಣ್ಣು ತೆಗೆಯೋರು ಕಡಿಮೆ. ಎಷ್ಟು ಕೂಡಿದೆ ಅಂತ ಅಗೆದು ನೋಡಬೇಕಿಲ್ಲ. ಬೆಳಕಿಂಡಿಯ ಅಂಚಿನಲ್ಲಿ ಟೇಪ್ ಹಿಡಿದರೆ ಸಾಕು. ಇಲ್ಲಿ 23 ಇಂಚು ಬಂತು. ಲೆಕ್ಕ ಹಾಕಿ ನೋಡಿ. ಹತ್ತು ಅಡಿಗೆ ಹನ್ನೆರಡು ಅಡಿಯ ಒಂದು ಖೋಲಿಯ ಮೇಲೆ ಒಂದಡಿ ಮಣ್ಣು ಅಂದರೆ ಐದು ಟನ್ನಿಗೂ ಮಿಕ್ಕ ಭಾರ. ಇಲ್ಲಿ ಅದರ ಎರಡು ಪಟ್ಟು. ಮಳೆಯಲ್ಲಿ ನೆಂದಾಗ ಇನ್ನೂ ಜಾಸ್ತಿ. ಇಷ್ಟೆಲ್ಲ ಭಾರ ಹೊತ್ತಿರೋದು ನೂರು ವರ್ಷದ ತೊಲೆ.

ತೊಲೆಯನ್ನು ನಡುವೆ ನೋಡಿದರೆ ಏನೂ ಗೊತ್ತಾಗಲ್ಲ. ಗೋಡೆಯೊಳಗೆ ಕೂತ ತುದಿಯನ್ನು ನೋಡಬೇಕು. ಪಸೆ ಅಲ್ಲೇ ಹಿಡಿಯೋದು, ಗೆದ್ದಲು ಅಲ್ಲಿಂದಲೇ ಹತ್ತೋದು. ನನ್ನ ಚೀಲದಲ್ಲಿ ಒಂದು ದಬ್ಬಣ ಇರುತ್ತದೆ. ಒಂಬತ್ತು ತೊಲೆಯಲ್ಲಿ ಏಳರ ತುದಿ ಅದನ್ನು ಒಳಗೆ ಬಿಡಲಿಲ್ಲ. ತೇಗ, ಗಟ್ಟಿ. ಹಿತ್ತಲ ಗೋಡೆಯ ಮೇಲಿನ ಎರಡರಲ್ಲಿ ಹಿಡಿಕೆವರೆಗೂ ಹೋಯಿತು, ಬೆಣ್ಣೆಗೆ ಚುಚ್ಚಿದ ಹಾಗೆ. ಹೊಟ್ಟೆ ಬಿಟ್ಟ ಗೋಡೆಯೂ ಅದೇ, ಪಸೆ ಹಿಡಿದ ತೊಲೆಯೂ ಅಲ್ಲೇ. ಮೇಲೆ ನೋಡಿದರೆ ಮಾಳಿಗೆಯ ನೀರು ಹೊರಗೆ ಹಾಕುವ ದೋಣಿ ಮುರಿದಿತ್ತು. ನೀರೆಲ್ಲ ಗೋಡೆಯ ನೆತ್ತಿಗೆ ಇಳಿಯುತ್ತಿತ್ತು. ಹೊರಗಡೆ ಸಿಮೆಂಟ್ ಗಿಲಾವು ಮಾಡಿದ್ದರು. ಗಟ್ಟಿ ಆಗಲಿ ಅಂತ ಪಾಪ ದುಡ್ಡು ಹಾಕಿ ಮಾಡಿಸಿದ್ದು. ಒಳಗೆ ಇಳಿದ ನೀರು ಹೊರಗೆ ಉಸಿರಾಡೋಕೆ ದಾರಿ ಇಲ್ಲದೆ ಗೋಡೆಯಲ್ಲೇ ನಿಂತಿತು. ಮಣ್ಣು ತುಂಬಿದ ಗೋಡೆಗೆ ಸುಣ್ಣದ ಗಿಲಾವು ಸರಿ, ಸಿಮೆಂಟ್ ಬೇಡ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಿಲ್ಲ.

ಈ ಮಾತು ನಾನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2012ರಲ್ಲಿ ವಿಜಯಪುರದ ಕಡೆ ಒಂದು ಕರಿಕಲ್ಲಿನ ಮನೆ ನೋಡಿದ್ದೆ. ಏಪ್ರಿಲ್ ತಿಂಗಳು, ಎಲ್ಲ ಒಣಗಿತ್ತು. ಹೊರಗೆ ಸಿಮೆಂಟ್ ಗಿಲಾವು, ಒಂದು ಮೂಲೆಯಲ್ಲಿ ಕೂದಲೆಳೆಯಂಥ ಗೆರೆ. ಗಿಲಾವು ಒಂದು ಕಡೆ ಕಿತ್ತು ನೋಡೋಣ ಅಂತ ನಾನು ಕೇಳಲಿಲ್ಲ. “ಮನೆ ಚಲೋ ಐತಿ” ಅಂದೆ. ಅವರು ತಗೊಂಡರು. ಅಲ್ಲಿಯದು ಎರೆ ನೆಲ. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಬುನಾದಿಯನ್ನು ಎತ್ತಿ ಇಳಿಸುತ್ತದೆ. ಸೆಪ್ಟೆಂಬರ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ ಬಂತು. ರಾತ್ರಿ ಆ ಮೂಲೆಯ ಗೋಡೆ ಪೂರ್ತಿ ಕಳಚಿ ಬಿತ್ತು. ಆ ಮೂಲೆಯ ಖೋಲಿಯಲ್ಲಿ ಮಲಗುತ್ತಿದ್ದ ಅವರ ಮಗಳು ಅವತ್ತು ಜ್ವರ ಅಂತ ಅವ್ವನ ಹತ್ತಿರ ಪಡಸಾಲೆಯಲ್ಲಿ ಮಲಗಿದ್ದಳು. ಬೆಳಿಗ್ಗೆ ಹೋಗಿ ಆ ಹಾಸಿಗೆಯ ಮೇಲೆ ಬಿದ್ದ ಮಣ್ಣು ನೋಡಿದೆ. ಅವತ್ತಿನಿಂದ ಗಿಲಾವು ಕೀಳದೆ, ತುದಿ ಚುಚ್ಚದೆ ನಾನು ಯಾವ ಮನೆಗೂ ಹೌದು ಅಂದಿಲ್ಲ. ಮಾರುವವರು ಕೀಳೋಕೆ ಬಿಡಲ್ಲ ಅಂದರೆ ಅದನ್ನೇ ವರದಿಯಲ್ಲಿ ಬರೆಯುತ್ತೇನೆ.

ಬಾದಾಮಿಯ ಮನೆಗೆ ಬರುತ್ತೇನೆ. ಎಲ್ಲ ಮುಗಿಸಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆವು. ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಅಕ್ಕಪಕ್ಕದವರನ್ನು ಮಾತಾಡಿಸೋದು ನನ್ನ ಕೆಲಸದ ಭಾಗವೇ. “ಆಯಿ, ಈ ಮನಿ ಹೆಂಗೈತಿ?” ಅಂದೆ.

“ಮನಿ ಚಲೋ ಐತೆಪಾ. ಹಗೇವ ಮುಚ್ಚ್ಯಾರೋ ಇಲ್ಲೋ?”

“ಎಲ್ಲಿ ಹಗೇವ?”

“ಅಲ್ಲೇ, ನೀ ಕುಂತಿದ್ದಿ ನೋಡು, ಆ ಕಟ್ಟಿ ಮುಂದ.”

ಹಗೇವು ಅಂದರೆ ನೆಲದಡಿಯ ಕಾಳಿನ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬರಗಾಲಕ್ಕೆ ಇರಲಿ ಅಂತ ಚೀಲಗಟ್ಟಲೆ ಜೋಳ ಹಾಕಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಎಳೆಯುತ್ತಿದ್ದರು. ಬಳಕೆ ಬಿಟ್ಟು ಎಷ್ಟೋ ವರ್ಷ ಆಗಿರುತ್ತದೆ, ಬಾಯಿ ಎಲ್ಲಿದೆ ಅಂತ ಮನೆಯವರಿಗೇ ನೆನಪಿರಲ್ಲ. ಇದು ಮುಂದಿನ ಗೋಡೆಯಿಂದ ಮೂರಡಿ ದೂರದಲ್ಲಿತ್ತು. ಮೇಲಿನ ಹಾಸುಗಲ್ಲು ಎಬ್ಬಿಸಿದಾಗ ಕೆಳಗೆ ಖಾಲಿ. ಯಾರನ್ನೂ ಇಳಿಯೋಕೆ ಬಿಡಲಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ, ಇಳಿದವರ ಜೀವ ಹೋಗುತ್ತದೆ. ದಾರಕ್ಕೆ ಗುಂಡು ಕಟ್ಟಿ ಮೇಲಿನಿಂದಲೇ ಅಳೆದೆ. ಹನ್ನೊಂದು ಅಡಿ. ಎರಡು ದಿನ ಹೊಳೆ ನೀರು ಕುಡಿದ ಗುಂಡಿ ಅದು. ಅದರ ಪಕ್ಕ ಒಂದು ಕಾರು ನಿಲ್ಲಿಸೋಕೂ ನನಗೆ ಧೈರ್ಯ ಇಲ್ಲ.

ಕಾಗದಪತ್ರದ ಬಗ್ಗೆ ನಾನು ಬಹಳ ಹೇಳಲ್ಲ, ಅದಕ್ಕೆ ವಕೀಲರು ಇದ್ದಾರೆ. ಪಂಚಾಯತಿಯ ಇ-ಸ್ವತ್ತು ದಾಖಲೆಯಲ್ಲಿ ಇರುವ ಅಳತೆ, ಚಕ್ಕುಬಂದಿ (ನಾಲ್ಕು ಕಡೆಯ ಗಡಿ) ಹಿಡಿದು ನಾನು ಟೇಪ್ ಹಾಕುತ್ತೇನೆ. ಇಲ್ಲಿ ಹಿತ್ತಲು ನಾಲ್ಕಡಿ ಕಡಿಮೆ ಬಂತು. ಅಣ್ಣ ತಮ್ಮಂದಿರ ವಾಟ್ನಿ, ಅಂದರೆ ಪಾಲು, ಆದಾಗ ಪಕ್ಕದವರಿಗೆ ಹೋಗಿತ್ತು, ಕಾಗದದಲ್ಲಿ ತಿದ್ದಿರಲಿಲ್ಲ. ಅಕ್ಕತಂಗಿಯರ ಸಹಿಯೂ ಬೇಕು ಅಂತ ವಕೀಲರು ಹೇಳಿದರು. ಕೃಷ್ಣೆಯ ದಂಡೆಯ ಊರಾದರೆ ಇನ್ನೊಂದು ಪ್ರಶ್ನೆ ಕಡ್ಡಾಯ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಯೋಜನೆ ಇದೆಯಲ್ಲ, ಮನೆ ಆ ಮುಳುಗಡೆಯ ಪಟ್ಟಿಯಲ್ಲಿ ಬರುತ್ತಾ ಅಂತ ಮೊದಲು ವಿಚಾರಿಸಿ. ಹಳೇ ಬಾಗಲಕೋಟೆ ಮುಳುಗಿದ್ದನ್ನು ಕಂಡ ಊರಿನವನು ನಾನು, ಇದನ್ನು ಹೇಳದೆ ಇರಲಾರೆ. ವಿಜಯಪುರದ ಒಳಗೆ ತಗೊಳ್ಳೋರು ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರ ಅಂತ ಅಳೆಯಿರಿ. ನೂರು ಮೀಟರಿನ ಒಳಗೆ ಹೊಸದಾಗಿ ಕಟ್ಟೋ ಹಾಗಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂರು ಮೀಟರಿಗೂ ಕಟ್ಟಳೆ ಇದೆ.

ಎರಡನೇ ದಿನ ಸಂಜೆ ಎಲ್ಲ ಬರೆದು ಅವರ ಕೈಗೆ ಕೊಟ್ಟೆ. ತಗೋಬೇಡಿ ಅಂತ ನಾನು ಹೇಳಲಿಲ್ಲ. ಮಾಳಿಗೆ ಮಣ್ಣು ಆರಿಂಚಿಗೆ ಇಳಿಸಬೇಕು, ಎರಡು ತೊಲೆ ಬದಲಿಸಬೇಕು, ಹಿತ್ತಲ ಗೋಡೆ ಬಿಚ್ಚಿ ಉದ್ದಗಲ್ಲು ಕೂರಿಸಿ ಕಟ್ಟಬೇಕು, ಹಗೇವು ತುಂಬಿ ಧಮ್ಮಸ್ಸು ಹೊಡೆಯಬೇಕು. ಒಂದೊಂದಕ್ಕೂ ಖರ್ಚು ಬರೆದೆ. ಹೊಳೆ ಮತ್ತೆ ಬರಬಹುದು, ಅದನ್ನೂ ಬರೆದೆ. ಅವರು ಇಬ್ಬರೂ ಹೊಳೆ ದಂಡೆಗೆ ಹೋಗಿ ಒಂದು ತಾಸು ಕೂತು ಬಂದರು. ಮಾರುವ ಹಿರಿಯರೂ ಆ ಹಾಳೆಯನ್ನು ನಿಧಾನವಾಗಿ ಓದಿದರು. ಬೆಲೆಯಲ್ಲಿ ರಿಪೇರಿಯ ಅರ್ಧ ಖರ್ಚು ಬಿಟ್ಟರು. ಅಳತೆ ತಿದ್ದಿಸಿ, ಸಹಿ ಹಾಕಿಸಿ, ದೀಪಾವಳಿ ಆದ ಮೇಲೆ ಖರೀದಿ ಆಯಿತು.

ಮುಂದಿನ ಗೋಡೆಯಲ್ಲಿ, ಹಗೇವಿನ ಪಕ್ಕಕ್ಕೆ, ಮೂರು ಬಿರುಕು ಇದ್ದವು. ಹಳೇವೋ, ಇನ್ನೂ ಬೆಳೆಯುತ್ತಿವೆಯೋ ಗೊತ್ತಾಗಲಿ ಅಂತ ಪ್ರತಿಯೊಂದರ ಮೇಲೂ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆದಿದ್ದೆ. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ. ಈ ಮಳೆಗಾಲ ಮುಗಿದ ಮೇಲೆ ಆ ಹೆಣ್ಣುಮಗಳು ಮೂರರ ಫೋಟೋ ಕಳಿಸಿದ್ದಾಳೆ. ಎರಡು ಹಾಗೇ ಇವೆ. ಮೂಲೆಯದು ಸೀಳಿದೆ. ಬರುವ ವಾರ ಗೌಂಡಿಯನ್ನು ಕರೆದುಕೊಂಡು ಹೋಗಿ ಆ ಮೂಲೆಯ ಬುನಾದಿ ತೆಗೆದು ನೋಡುತ್ತೇನೆ.