ತೊಡೆದೇವು ವಿಡಿಯೋ ಮತ್ತು ಮುರಿದುಹೋದ ಒತ್ತಕ್ಷರಗಳು

16 ಫೆಬ್ರವರಿ 2025, ಭಾನುವಾರ, ಶಿರಸಿ

ವಿಡಿಯೋ ಮಾಡೋಕೆ ಶುರು ಮಾಡ್ತೀನಿ ಅಂದ ತಕ್ಷಣ ಎಲ್ರೂ ಯಾವ ಕ್ಯಾಮೆರಾ, ಯಾವ ಸಾಫ್ಟ್‌ವೇರ್ ಅಂತ ಕೇಳ್ತಾರೆ. ಸೌಂಡ್ ಹೇಗೆ ಹಿಡೀತೀಯ ಅಂತ ಮಾತ್ರ ಒಬ್ರೂ ಕೇಳಲ್ಲ.

ಆಲೆಮನೆಯಿಂದ ಕಬ್ಬಿನಹಾಲು ಬಂದಿತ್ತು, ದೊಡ್ಡಮ್ಮ ತೊಡೆದೇವು (ಅಕ್ಕಿಹಿಟ್ಟು, ಕಬ್ಬಿನಹಾಲಿನ ತೆಳ್ಳನೆ ಸಿಹಿತಿಂಡಿ) ಎರೀತೀನಿ ಅಂದ್ರು, ಫೋನ್ ಹಿಡ್ಕೊಂಡು ಒಲೆ ಮುಂದೆ ಕೂತೆ. ಬೋರಲು ಹಾಕಿದ ಮಡಕೆ ಮೇಲೆ ಹಿಟ್ಟಲ್ಲಿ ಅದ್ದಿದ ಬಟ್ಟೆ ಒಂದು ಸಲ ಎಳೆದ್ರೆ ಸಾಕು, ಕಾಗದದ ಹಾಗೆ ತೆಳ್ಳಗೆ ಎದ್ದು ಬರತ್ತೆ, ಅದನ್ನ ಮಡಚೋದು ಅದಕ್ಕಿಂತ ಫಾಸ್ಟು. ಬೆಂಕಿ ಜೋರಾದಾಗೆಲ್ಲ ಫೋನು ತಾನಾಗೇ ಬ್ರೈಟ್‌ನೆಸ್ ಏರಿಸಿ ಇಳಿಸಿ ಮಾಡತ್ತೆ, ಅದಕ್ಕೆ ಸ್ಕ್ರೀನ್ ಮೇಲೆ ಮಡಕೆ ಇರೋ ಕಡೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಶರ್ (ಬೆಳಕಿನ ಮಟ್ಟ), ಫೋಕಸ್ ಎರಡೂ ಲಾಕ್ ಮಾಡಿದೆ. ಎಲ್‌ಇಡಿ ಬಲ್ಬ್ ಕೆಳಗೆ ಪಟ್ಟೆಪಟ್ಟೆ ಓಡಾಡೋದು ಕಂಡ್ರೆ ನಮ್ಮ ಕರೆಂಟು 50 ಹರ್ಟ್ಜ್, ಬಲ್ಬು ಅದರ ತಾಳಕ್ಕೇ ಮಿನುಗತ್ತೆ ಅನ್ನೋದು ನೆನಪಿಟ್ಕೊಳ್ಳಿ, ಕ್ಯಾಮೆರಾದ ಪ್ರೋ ಮೋಡಲ್ಲಿ (ನಾವೇ ಸೆಟ್ ಮಾಡೋ ಮೋಡ್) ಶಟರ್, ಅಂದ್ರೆ ಒಂದು ಫ್ರೇಮಿಗೆ ಬೆಳಕು ಬೀಳೋ ಹೊತ್ತು, 1/50 ಅಥವಾ 1/100 ಸೆಕೆಂಡ್ ಇಟ್ರೆ ಬಹುತೇಕ ಹೋಗತ್ತೆ.

ಸೌಂಡಿಗೆ ದೊಡ್ಡಪ್ಪನ ಫೋನು ಇಸ್ಕೊಂಡು ರೆಕಾರ್ಡರ್ ಆನ್ ಮಾಡಿ ದೊಡ್ಡಮ್ಮನ ಪಕ್ಕದ ಮಣೆ ಮೇಲಿಟ್ಟೆ. ಶುರುವಲ್ಲಿ ಒಂದು ಚಪ್ಪಾಳೆ ತಟ್ಟಿದ್ರೆ ಎಡಿಟ್ ಮಾಡುವಾಗ ಟೈಮ್‌ಲೈನಲ್ಲಿ (ಕ್ಲಿಪ್‌ಗಳನ್ನ ಸಾಲಾಗಿ ಜೋಡಿಸೋ ಪಟ್ಟಿ) ಆ ಸದ್ದಿನ ಚೂಪು ಗೆರೆ ನೋಡ್ಕೊಂಡು ಎರಡು ಆಡಿಯೋ ಹೊಂದಿಸಬಹುದು. ಫೋನಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು) ಒಂದೇ ಸಮ ಇರಲ್ಲ, ತುಂಬಾ ಉದ್ದದ ಕ್ಲಿಪ್ ಆದ್ರೆ ಮಾತು ತುಟಿ ಬೇರೆಬೇರೆ ಆಗಬಹುದು, ಆದ್ರಿಂದ ತುಂಡುತುಂಡಾಗಿ ತೆಗೆಯೋದು ವಾಸಿ. ನಾನು ಮತ್ತೆ ಮತ್ತೆ ಚಪ್ಪಾಳೆ ತಟ್ಟೋದು ನೋಡಿ "ಸಾಕೇ ಕೂಸೇ, ಭಜನೆ ಮಾಡ್ತ್ಯನೇ?" ಅಂದ್ರು ದೊಡ್ಡಮ್ಮ. ಅದನ್ನೂ ಇಟ್ಕೊಂಡಿದೀನಿ.

ಎಡಿಟ್ ಮಾಡ್ತಿರೋದು ಲ್ಯಾಪ್‌ಟಾಪಲ್ಲಿ, ಡಾವಿಂಚಿ ರಿಸಾಲ್ವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರಿನ ಫ್ರೀ ವರ್ಶನ್. ಭಾರೀ ಸಾಫ್ಟ್‌ವೇರು, ಹಳೇ ಲ್ಯಾಪ್‌ಟಾಪ್ ಏದುಸಿರು ಬಿಡತ್ತೆ, ಪ್ರಾಕ್ಸಿ (ಎಡಿಟ್ ಮಾಡೋಕೆ ಮಾತ್ರ ಬಳಸೋ ಹಗುರ ನಕಲು) ಮಾಡ್ಕೊಂಡ್ರೆ ನಡೆಯತ್ತೆ, ಇಲ್ಲಾಂದ್ರೆ ಫೋನಲ್ಲೇ ಕೈನ್‌ಮಾಸ್ಟರೋ ವಿಎನ್ನೋ ಥರದ ಎಡಿಟಿಂಗ್ ಆ್ಯಪ್ ಹಾಕ್ಕೊಳ್ಳಿ, ಕಲಿಯೋಕೆ ಅಷ್ಟು ಸಾಕು. ಮೊದ್ಲು ನಿಜವಾಗಿ ಬೇಕಾಗಿರೋದು ಕತ್ತರಿಸೋದು ಒಂದೇ. ಆಮೇಲೆ ಎಲ್-ಕಟ್, ಅಂದ್ರೆ ದೊಡ್ಡಮ್ಮನ ಮುಖ ಹೋಗಿ ಮಡಕೆ ಬಂದ್ರೂ ಅವರ ಮಾತು ಮುಂದುವರೀತಾ ಇರೋದು. ಇದೊಂದು ಬಂದ್ರೆ ವಿಡಿಯೋಗೆ ಉಸಿರು ಬರತ್ತೆ. ಪುಟ ತಿರುಗೋದು, ಹೃದಯ ಸಿಡಿಯೋದು ಥರದ ಟ್ರಾನ್ಸಿಷನ್‌ಗಳು ಮದುವೆ ಕ್ಯಾಸೆಟ್‌ಗೇ ಇರಲಿ.

ಇವತ್ತು ಅರ್ಧ ದಿನ ತಿಂದಿದ್ದು ಕನ್ನಡ ಟೈಟಲ್ಲು. ಫೋನಿನ ಒಂದು ಆ್ಯಪಲ್ಲಿ ಟ್ರೈ ಮಾಡಿದ್ರೆ ಅಕ್ಕಿ ಅನ್ನೋದು 'ಅಕ್‌ಕಿ' ಆಗತ್ತೆ, ಕಬ್ಬು 'ಕಬ್‌ಬು' ಆಗತ್ತೆ. ಫಾಂಟ್ ಬದಲಾಯಿಸಿದ್ರೂ ಅಷ್ಟೇ, ಯಾಕಂದ್ರೆ ತಪ್ಪು ಫಾಂಟಿಂದಲ್ಲ, ಅಕ್ಷರ ಜೋಡಿಸೋ ಎಂಜಿನ್ನಿಂದು. ಕೊನೆಗೆ ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ ಬರೆದು, ಬ್ಯಾಕ್‌ಗ್ರೌಂಡ್ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ವಿಡಿಯೋ ಮೇಲಿನ ಟ್ರ್ಯಾಕಲ್ಲಿ ಇಟ್ಟೆ, ಒತ್ತು ಎಲ್ಲಾ ಸರಿಯಾಗಿ ಕೂತ್ಕೊಂಡ್ವು. ಸಬ್‌ಟೈಟಲ್ ಪೂರ್ತಿ ಹೀಗೆ ಮಾಡೋಕೆ ಹೋದ್ರೆ ಮಾತ್ರ ತಲೆ ಕೆಡತ್ತೆ, ಅದಕ್ಕೆ ಎಸ್‌ಆರ್‌ಟಿ ಫೈಲ್ (ಯಾವ ಸಾಲು ಯಾವ ಹೊತ್ತಿಗೆ ಬರಬೇಕು ಅಂತ ಬರೆದಿಡೋ ಪಠ್ಯ ಫೈಲ್) ಬರೆದು ಯೂಟ್ಯೂಬಿಗೆ ಬೇರೆಯಾಗೇ ಹಾಕೋದು ಸುಲಭ.

ಮ್ಯೂಸಿಕ್ ಹಾಕಿಲ್ಲ. ಹಿಟ್ಟು ಬಿದ್ದಾಗಿನ ಆ ಚುಂಯ್ ಸದ್ದೇ ಚೆನ್ನಾಗಿದೆ.

ಕಚ್ಚಾ ಕಟ್ ದೊಡ್ಡಮ್ಮನಿಗೆ ತೋರಿಸಿದೆ. ಹಿಂದಿನ ಗೋಡೆ ಮಸಿ ಕಾಣತ್ತೆ, ಅದನ್ನ ತೆಗಿ ಅಂತಾರೆ. ನನಗೆ ಆ ಗೋಡೇನೇ ಇಷ್ಟ. ನಾಳೆ ಬೆಳಿಗ್ಗೆ ಕಾಫಿ ಹೊತ್ತಿಗೆ ಇನ್ನೊಂದ್ಸಲ ಮಾತಾಡಿ ನೋಡ್ಬೇಕು, ಅವರು ಒಪ್ಪದೇ ಇದ್ರೆ ಕ್ರಾಪ್ ಮಾಡೋದೇ.