ಪಾಸಿಟಿವ್ ಬಂದ ಮೇಲೆ ಹಾರ್ಮೋನ್ ಔಷಧಿ ನಿಲ್ಲಿಸಬೇಕಾ?

ಮಗುವಿಗಾಗಿ ಚಿಕಿತ್ಸೆ ತಗೊಂಡವರಿಗೆಲ್ಲ ಈ ಭಯ ಬಂದೇ ಬರುತ್ತದೆ. ಇಷ್ಟೊಂದು ಹಾರ್ಮೋನ್ ಮೈಗೆ ಹೋಗಿದೆ, ಹೊಟ್ಟೆಯಲ್ಲಿರುವ ಮಗುವಿಗೆ ಏನಾದರೂ ಆಗುತ್ತಾ? ನಾಳೆ ಹಾಲು ಕುಡಿಸುವಾಗ ಏನು ಗತಿ? ಇದಕ್ಕೆಲ್ಲ ಒಂದೇ ಉತ್ತರ ಹುಡುಕಲು ಹೋದರೆ ತಲೆ ಕೆಡುತ್ತದೆ. ಯಾಕೆಂದರೆ ಇವುಗಳಲ್ಲಿ ಬಸಿರಾಗುವ ಮೊದಲೇ ಮುಗಿಯಬೇಕಾದ ಮಾತ್ರೆಯೂ ಇದೆ, ಬಸಿರಾದ ಮೇಲೆ ಸುಮ್ನೆ ನಿಲ್ಲಿಸಲೇಬಾರದ ಔಷಧಿಯೂ ಇದೆ.

ಲೆಟ್ರೊಜೋಲ್ ಮತ್ತು ಕ್ಲೊಮಿಫೀನ್ ಮೊದಲ ಗುಂಪು. ಸಾಮಾನ್ಯವಾಗಿ ಮುಟ್ಟಿನ ಶುರುವಿನಲ್ಲಿ 5 ದಿನ ಕೊಡುತ್ತಾರೆ, ಅಂಡಾಣು ಬೆಳೆಯಲಿ ಅಂತ. ಬಸಿರಿನಲ್ಲಿ ಇವೆರಡೂ ಬೇಡ. ಲೆಟ್ರೊಜೋಲ್ ಮೂಲತಃ ಸ್ತನ ಕ್ಯಾನ್ಸರಿನ ಔಷಧಿ, ಹಾಗಾಗಿ ಡಬ್ಬಿಯೊಳಗಿನ ಚೀಟಿ ಓದಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ಸುಮಾರು 2 ದಿನಕ್ಕೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುತ್ತಾ ಹೋಗುತ್ತದೆ, ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಹೊತ್ತಿಗೆ ಬಹುಪಾಲು ಖಾಲಿಯಾಗಿರುತ್ತದೆ. 2005ರಲ್ಲಿ ಇದರಿಂದ ಮಕ್ಕಳಿಗೆ ದೋಷ ಬರಬಹುದು ಎಂಬ ಆತಂಕ ಎದ್ದಿತ್ತು. ಮರುವರ್ಷವೇ ಈ ಎರಡು ಮಾತ್ರೆಗಳಿಂದ ಹುಟ್ಟಿದ 911 ಮಕ್ಕಳನ್ನು ಹೋಲಿಸಿ ನೋಡಿದಾಗ ಲೆಟ್ರೊಜೋಲ್ ಮಕ್ಕಳಲ್ಲಿ ದೋಷ ಜಾಸ್ತಿ ಕಾಣಲಿಲ್ಲ. ಕ್ಲೊಮಿಫೀನ್ ಮಾತ್ರ ಮೈಯಿಂದ ಹೋಗುವುದು ನಿಧಾನ, ಅದರ ಅಂಶ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಹೊಸ ಸುತ್ತು ಶುರು ಮಾಡುವ ಮುಂಚೆ ಬಸಿರಿಲ್ಲ ಅಂತ ಪರೀಕ್ಷೆ ಮಾಡಿಸಿಕೊಳ್ಳಿ. ಸ್ವಲ್ಪ ರಕ್ತ ಕಂಡ ಮಾತ್ರಕ್ಕೆ ಮುಟ್ಟು ಅಂತ ತೀರ್ಮಾನಿಸಬೇಡಿ, ಬಸಿರಿನ ಶುರುವಿನಲ್ಲೂ ಹಾಗೆ ಕಾಣಿಸುತ್ತದೆ.

ಬೆಳೆದ ಅಂಡಾಣು ಬಿಡುಗಡೆಯಾಗಲಿ ಅಂತ ಕೊಡುವ ಟ್ರಿಗರ್ ಇಂಜೆಕ್ಷನ್ ವಿಷಯ ಬೇರೆ. ಹೆಚ್ಚಾಗಿ ಅದರಲ್ಲಿರುವುದು ಎಚ್‌ಸಿಜಿ, ಅಂದರೆ ಬಸಿರಾದಾಗ ಮೈಯಲ್ಲೇ ತಯಾರಾಗುವ ಹಾರ್ಮೋನ್. ಮನೆಯ ಪರೀಕ್ಷೆ ಹುಡುಕುವುದೂ ಅದನ್ನೇ, ಹಾಗಾಗಿ ಚುಚ್ಚಿಸಿಕೊಂಡ 10ರಿಂದ 14 ದಿನದೊಳಗೆ ಪರೀಕ್ಷೆ ಮಾಡಿದರೆ ಸುಳ್ಳು ಪಾಸಿಟಿವ್ ಬರಬಹುದು. ದಯವಿಟ್ಟು ತಡೆದುಕೊಳ್ಳಿ, ಆ ಎರಡು ಗೆರೆ ನೋಡಿ ಕುಣಿದು ಆಮೇಲೆ ಅಳುವುದು ಬೇಡ.

ಈಗ ಪ್ರೊಜೆಸ್ಟೆರಾನ್, ಅಂದರೆ ಬಸಿರನ್ನು ಉಳಿಸಿಕೊಳ್ಳುವ ಹಾರ್ಮೋನ್. ನನಗೆ ನಿಜಕ್ಕೂ ಹೇಳಬೇಕಿರುವುದು ಇದರ ಬಗ್ಗೆಯೇ. ಪಾಸಿಟಿವ್ ಬಂದ ಮೇಲೂ ರಾತ್ರಿ ರಾತ್ರಿ ಯೋನಿಯೊಳಗೆ ಆ ಮೆತ್ತನೆಯ ಮಾತ್ರೆ ಇಡಬೇಕು, ಬೆಳಿಗ್ಗೆ ಎದ್ದರೆ ಪ್ಯಾಡ್ ತುಂಬ ಬಿಳಿ ಬಿಳಿ ಅಂಟು. ಕೆಲವರಿಗೆ ಎಣ್ಣೆಯಲ್ಲಿ ಕಲೆಸಿದ ಇಂಜೆಕ್ಷನ್. ಅದು ಎಷ್ಟು ಮಂದ ಅಂದರೆ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡೇ ಚುಚ್ಚಬೇಕು, ಆದರೂ ಕುಂಡೆ ಗಂಟು ಗಂಟಾಗಿ ನೋಯುತ್ತದೆ. ಆ ಎಣ್ಣೆ ಎಳ್ಳಿನದೋ ಕಡಲೆಕಾಯಿಯದೋ ಇರುತ್ತದೆ, ಅಲರ್ಜಿ ಇದ್ದವರು ಮೊದಲೇ ಹೇಳಿಬಿಡಿ. ಇಷ್ಟೆಲ್ಲ ಅನುಭವಿಸುವಾಗ "ಸಾಕಪ್ಪಾ, ಬಸಿರು ನಿಂತಿದೆಯಲ್ಲ, ಮಗುವಿಗೆ ಯಾಕೆ ಇದರ ಗೊಡವೆ" ಅನಿಸುವುದು ಸಹಜ. ನನಗೂ ಅನಿಸಿತ್ತು, ಡಾಕ್ಟರನ್ನು ಕೇಳಿಯೂ ಬಿಟ್ಟೆ.

ಅವರು ಹೇಳಿದ್ದು ಇಷ್ಟು. ತಾನಾಗಿ ಆದ ಬಸಿರಿನಲ್ಲಿ ಅಂಡಾಶಯ ಪ್ರೊಜೆಸ್ಟೆರಾನ್ ಕೊಡುತ್ತದೆ, ಸುಮಾರು 7ರಿಂದ 9 ವಾರದ ಹೊತ್ತಿಗೆ ಮಾಸು ಆ ಕೆಲಸ ವಹಿಸಿಕೊಳ್ಳುತ್ತದೆ. ಲ್ಯಾಬಿನಲ್ಲಿ ಬೆಳೆಸಿ ಫ್ರೀಜ್ ಮಾಡಿದ ಭ್ರೂಣವನ್ನು ಹಾರ್ಮೋನ್ ಕೊಟ್ಟೇ ತಯಾರು ಮಾಡಿದ ಗರ್ಭಕೋಶಕ್ಕೆ ಇಟ್ಟಾಗ ಆ ತಿಂಗಳು ಅಂಡಾಣು ಬಿಡುಗಡೆಯೇ ಆಗಿರುವುದಿಲ್ಲ, ಹಾಗಾಗಿ ಅಂಡಾಶಯದಿಂದ ಏನೂ ಬರುವುದಿಲ್ಲ. ಬಸಿರು ನಿಂತಿರುವುದು ಪೂರ್ತಿ ಆ ಮಾತ್ರೆ, ಇಂಜೆಕ್ಷನ್ನಿನ ಮೇಲೆ. ಅವಧಿಗೆ ಮೊದಲೇ ನಿಲ್ಲಿಸಿದರೆ ಗರ್ಭಪಾತ ಆಗಬಹುದು! ಅದಕ್ಕೇ 10-12 ವಾರದವರೆಗೂ ಮುಂದುವರಿಸುತ್ತಾರೆ. ಇದು ಮೈಯಲ್ಲಿ ಇರಲೇಬೇಕಾದ ಹಾರ್ಮೋನ್, ಹೊರಗಿನಿಂದ ಬಂದ ವಿಷವಲ್ಲ.

ಹಾಗಂತ ಭಯಕ್ಕೆ ಕಾರಣವೇ ಇಲ್ಲ ಅನ್ನಲಾರೆ. ಡಿಇಎಸ್ ಎಂಬ ಕೃತಕ ಈಸ್ಟ್ರೊಜೆನ್ ಅನ್ನು ಗರ್ಭಪಾತ ತಡೆಯಲು ವರ್ಷಗಟ್ಟಲೆ ಕೊಟ್ಟರು. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿದ ಮೇಲೆ, 1971ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಗರ್ಭಿಣಿಯರಿಗೆ ಕೊಡಬೇಡಿ ಅಂತ ಹೇಳಿತು. ಈಗ ಕೊಡುವ ಔಷಧಿ ಅದಲ್ಲ. ಆದರೂ ಪ್ರತಿ ಔಷಧಿಯ ಹೆಸರು, ಯಾಕೆ, ಎಲ್ಲಿಯವರೆಗೆ ಅಂತ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ಹಕ್ಕು. ಕೇಳಲು ಸಂಕೋಚ ಬೇಡ.

ಇನ್ನೊಂದು ತುರ್ತು ಮಾತು. ಅಂಡಾಣು ಬೆಳೆಸುವ ಇಂಜೆಕ್ಷನ್ ಆದ ಮೇಲೆ ಹೊಟ್ಟೆ ಉಬ್ಬಿ ಬಿಗಿದರೆ, ತೂಕ ದಿಢೀರ್ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಬಸಿರಾದರೆ ಈ ತೊಂದರೆ ಇನ್ನೂ ಜೋರಾಗಬಹುದು.

ಹಾಲು ಕುಡಿಸುವಾಗ ಎರಡನೆಯ ಮಗುವಿಗೆ ಚಿಕಿತ್ಸೆ ಶುರು ಮಾಡಬಹುದಾ ಅಂತ ಬಹಳ ಜನ ಕೇಳುತ್ತಾರೆ. ಇಲ್ಲೂ ಔಷಧಿಗೊಂದು ಲೆಕ್ಕ. ಪ್ರೊಜೆಸ್ಟೆರಾನ್ ಹಾಲಿಗೆ ಹೋಗುವುದು ಅತಿ ಕಡಿಮೆ. ಅಂಡಾಣು ಬೆಳೆಸುವ ಇಂಜೆಕ್ಷನ್ನಿನ ಎಫ್‌ಎಸ್‌ಎಚ್, ಟ್ರಿಗರ್‌ನ ಎಚ್‌ಸಿಜಿ ದೊಡ್ಡ ಪ್ರೋಟೀನ್‌ಗಳು, ಹಾಲಿಗೆ ಚೂರು ಹೋದರೂ ಮಗುವಿನ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತವೆ. ಕ್ಲೊಮಿಫೀನ್, ಈಸ್ಟ್ರೊಜೆನ್ ಹಾಲನ್ನೇ ಕಡಿಮೆ ಮಾಡಬಹುದು, ಕ್ಯಾಬರ್ಗೊಲಿನ್ ಅಂತೂ ಹಾಲು ನಿಲ್ಲಿಸುವುದಕ್ಕೇ ಕೊಡುವ ಔಷಧಿ. ಲೆಟ್ರೊಜೋಲ್ ತಗೊಂಡರೆ ಕೊನೆಯ ಮಾತ್ರೆಯಾದ ಮೇಲೂ ಕನಿಷ್ಠ 3 ವಾರ ಹಾಲು ಕೊಡಬೇಡಿ ಎನ್ನುತ್ತದೆ ಅದರ ಚೀಟಿ. ಇನ್ನು ಮಗು ಪದೇ ಪದೇ ಹಾಲು ಕುಡಿಯುತ್ತಿದ್ದರೆ ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್ ಹೆಚ್ಚಿ ಅಂಡಾಣು ಬೆಳೆಯುವುದೇ ಕಷ್ಟ, ಅದಕ್ಕೇ ಕೆಲವು ಡಾಕ್ಟರುಗಳು ಮೊದಲು ಹಾಲು ಬಿಡಿಸಿ ಅನ್ನುತ್ತಾರೆ. ನನ್ನ ಮಗು ಇನ್ನೂ ಕುಡಿಯುತ್ತಿದೆ, ಬಿಡಿಸಲು ಮನಸ್ಸಿಲ್ಲ. ಫ್ರೀಜ್ ಮಾಡಿದ ಭ್ರೂಣ ಇದೆ, ಕಾಯುವುದರಿಂದ ಅದಕ್ಕೇನೂ ಆಗುವುದಿಲ್ಲ. ಹಾಗಾಗಿ ನಾವು ಸದ್ಯಕ್ಕೆ ಕಾಯುತ್ತಿದ್ದೇವೆ.